ಹಿತ್ತಿಲಿಗೊಂದು ಎತ್ತಿಡುವ ಕೊಟ್ಟಗೆ

ಮಳೆಗಾಲ ಕಾಲಿಡುವ ಮೊದಲು ನಮ್ಮ ಕಡೆಯ ಪ್ರತಿಯೊಂದು ಮನೆಯ ಹಿತ್ತಿಲಲ್ಲೂ ಏಳುವ ಪ್ರಶ್ನೆ ಒಂದೇ: ಇಷ್ಟೆಲ್ಲ ಸಾಮಾನು ಎಲ್ಲಿಡುವುದು? ಒಣಗಿದ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ, ಹಾರೆ, ಪಿಕ್ಕಾಸು, ಔಷಧಿ ಬಿಡುವ ಪಂಪು, ಮೈಲುತುತ್ತಿನ ಚೀಲ, ಮಕ್ಕಳ ಹಳೆಯ ಸೈಕಲು, ಯಾರದೋ ಮದುವೆಗೆ ತಂದು ಉಳಿದ ಟಾರ್ಪಾಲು. ಹಿಂದಿನವರ ಮನೆಗಳಲ್ಲಿ ಅಟ್ಟವಿತ್ತು, ಪತ್ತಾಯವಿತ್ತು, ಹಟ್ಟಿಯ ಪಕ್ಕದಲ್ಲೊಂದು ಸೌದೆಯ ಕೊಟ್ಟಗೆಯೂ ಇತ್ತು. ಇಂದು ಪಾಲಾಗಿ ಉಳಿದ ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವರಿಗೆ ಅದೆಲ್ಲ ಎಲ್ಲಿಂದ ಬರಬೇಕು?

ನಮ್ಮ ಮನೆಯಲ್ಲಿ ಇದಕ್ಕೆ ಪರಿಹಾರವೆಂದು ಕೆಂಪುಕಲ್ಲಿನ ಗಟ್ಟಿ ಕೊಟ್ಟಗೆಯೊಂದನ್ನು ಕಟ್ಟಿಸಿದ್ದೆವು. ಅಡಿಪಾಯ ತೋಡಿ, ಸಿಮೆಂಟು ಹಾಕಿ, ಮೇಲೆ ಹಂಚು ಹೊದೆಸಿದ ಕೊಟ್ಟಗೆ. ನೂರು ವರ್ಷ ಅಲ್ಲಾಡದು ಎಂದು ಮೇಸ್ತ್ರಿ ಹೇಳಿದ್ದ. ಅಲ್ಲಾಡದಿದ್ದುದೇ ತೊಂದರೆಯಾಯಿತು. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡಲು ಅಳತೆ ನಡೆದಾಗ ಗಡಿಕಲ್ಲು ಬಂದು ನಿಂತದ್ದು ಕೊಟ್ಟಗೆಯ ನಡುಮಧ್ಯದಲ್ಲಿ. ಮಣ್ಣು ಅಗೆಯುವ ಯಂತ್ರಕ್ಕೆ ಅದನ್ನು ಕೆಡವಲು ಒಂದು ಗಂಟೆಯೂ ಹಿಡಿಯಲಿಲ್ಲ. ಹಂಚು ಮಾತ್ರ ಉಳಿಯಿತು. ಅದನ್ನಿಡಲು ಪುನಃ ಜಾಗ ಹುಡುಕಬೇಕಾಯಿತು!

ಅದೇ ವಾರ ರಸ್ತೆ ಬದಿಯ ಗೂಡಂಗಡಿಯವನು ಮಾಡಿದ ಕೆಲಸವನ್ನು ನಾವು ಅಂಗಳದಲ್ಲಿ ನಿಂತು ನೋಡಿದೆವು. ಬೆಳಿಗ್ಗೆ ಸೋಡಾ ಬಾಟ್ಲಿಗಳನ್ನೂ ಮಿಠಾಯಿ ಭರಣಿಗಳನ್ನೂ ಕೆಳಗಿಳಿಸಿದ. ನಾಲ್ಕು ಮಂದಿ ಸೇರಿ ಅಂಗಡಿಯನ್ನೇ ಎತ್ತಿ ಗೂಡ್ಸ್ ರಿಕ್ಷಾದ ಮೇಲಿಟ್ಟರು. ಮಧ್ಯಾಹ್ನದೊಳಗೆ ಒಳರಸ್ತೆಯ ಹಲಸಿನ ಮರದ ಬುಡದಲ್ಲಿ ವ್ಯಾಪಾರ ಶುರುವಾಗಿತ್ತು. ಕೊಟ್ಟಗೆ ಎಂದರೆ ಗಟ್ಟಿಯಾಗಿರಬೇಕು ಎಂಬ ನಮ್ಮ ತಿಳುವಳಿಕೆ ಅಂದು ಸ್ವಲ್ಪ ಸಡಿಲಾಯಿತು.

ನೆಲವನ್ನು ಪೂರ್ತಿ ನಂಬದೆ ಬಾಳುವುದನ್ನು ನಮಗಿಂತ ಬಹಳ ಮೊದಲೇ ಕಲಿಯಬೇಕಾಗಿ ಬಂದವರು ಪಾಲಮಲೆಯ ತಪ್ಪಲಿನವರು. ತಮಿಳುನಾಡಿನ ಸೇಲಂ ಸೀಮೆಯಲ್ಲಿ, ಮೆಟ್ಟೂರು ಅಣೆಕಟ್ಟಿನ ಹಿನ್ನೀರಿಗೆ ಪಡುವಣದಲ್ಲಿ ಎದ್ದು ನಿಂತ ಬೆಟ್ಟ ಅದು. ಮೇಲೆ ಸಿದ್ಧೇಶ್ವರನ ಗುಡಿ. ಬೆಟ್ಟದಲ್ಲಿರುವವರನ್ನು 'ಮಲೆಯಾಳಿ'ಗಳೆಂದು ಕರೆಯುತ್ತಾರೆ. ಆದರೆ ಅವರ ಮಾತು ತಮಿಳು, ನಮ್ಮ ನೆರೆಯ ಮಲಯಾಳಿಗಳಿಗೂ ಅವರಿಗೂ ಹೆಸರಿನ ಹೋಲಿಕೆ ಮಾತ್ರ. ಸುತ್ತಿನ ಸೀಮೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳೂ ಇವೆ. ನಮ್ಮ ಹಾಗೆಯೇ ಅವರಿಗೂ ಕಚೇರಿಯ ಭಾಷೆ ಬೇರೆ, ಒಲೆಯ ಮುಂದಿನ ಭಾಷೆ ಬೇರೆ.

ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ತೊಡಗಿ 1934ರಲ್ಲಿ ಮುಗಿಯಿತು. ಆಗಿನ ಮದರಾಸು ಗವರ್ನರನ ಹೆಸರಿನಲ್ಲಿ ಅದು ಸ್ಟಾನ್ಲಿ ಜಲಾಶಯವೆನಿಸಿತು. ಕಾವೇರಿಯ ದಂಡೆಯ ಊರುಗಳು ಮುಳುಗಿದುವು, ಜನ ಎದ್ದು ಮೇಲಿನ ನೆಲಕ್ಕೆ ಹೋದರು. ಇಂದಿಗೂ ಬೇಸಗೆಯಲ್ಲಿ ನೀರು ಬಹಳ ತಗ್ಗಿದರೆ ಪಣ್ಣವಾಡಿಯ ಬಳಿ ಹಳೆಯ ದೇವಾಲಯದ ನಂದಿಯೂ ಇಗರ್ಜಿಯ ಗೋಪುರವೂ ಹೊರಗೆ ಕಾಣುತ್ತವೆ. ಅವನ್ನು ಕಟ್ಟಿದವರೂ ನೂರಾರು ವರ್ಷದ ಲೆಕ್ಕ ಹಾಕಿಯೇ ಕಟ್ಟಿದ್ದಿರಬೇಕು.

ನೀರು ಇಳಿದಾಗ ಹೊರಬೀಳುವ ನೆಲದಲ್ಲಿ ಸುತ್ತಲಿನವರು ಬೇಸಾಯ ಮಾಡುತ್ತಾರೆ; ಮೀನುಗಾರರು ದಡದಲ್ಲಿ ಬಿಡಾರ ಹೂಡಿ ಹರಿಗೋಲುಗಳಲ್ಲಿ ಬಲೆ ಹಾಕುತ್ತಾರೆ. ಆದರೆ ಕೊಡಗಿನಲ್ಲಿ ಮಳೆ ಜೋರಾದರೆ, ಕಪಿಲೆಯ ತಲೆಯಾದ ವಯನಾಡಿನಲ್ಲಿ ಮಳೆ ಜೋರಾದರೆ, ಇಲ್ಲಿ ಒಂದು ಹನಿ ಬೀಳದೆಯೂ ನೀರು ಏರುತ್ತ ಬರುತ್ತದೆ. ಅಂತಹ ನೆಲದಲ್ಲಿ ಯಾರು ಅಡಿಪಾಯ ತೋಡುತ್ತಾರೆ? ಬಲೆ, ಬೀಜ, ಪಾತ್ರೆ ಇಡುವ ಮಾಡು ಬಿಚ್ಚಿ ಒಯ್ಯುವಂತಹುದೇ ಆಗಬೇಕು. ನಾಲ್ಕು ಗಳ, ಒಂದು ಹೊದಿಕೆ, ಬಿಚ್ಚಲು ಬರುವ ಗಂಟು. ಅಲ್ಲಿಯ ನೀರಿನ ಜಾಗದಲ್ಲಿ ನಮ್ಮ ರಸ್ತೆಯನ್ನೂ, ಅಣ್ಣತಮ್ಮಂದಿರ ಪಾಲುಪಟ್ಟಿಯನ್ನೂ, ಬಾಡಿಗೆ ಮನೆಯ ಧಣಿಯನ್ನೂ ಇಟ್ಟು ನೋಡಿದರೆ ಅವರ ಸ್ಥಿತಿಗೂ ನಮ್ಮದಕ್ಕೂ ಹೆಚ್ಚು ಅಂತರವಿಲ್ಲ.

ಹಾಗಾದರೆ ಎಂತಹ ಕೊಟ್ಟಗೆ ಕೊಳ್ಳಬೇಕು? ಮೊದಲು ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರಡಿ. ಅರ್ಧಕ್ಕರ್ಧ ಗುಜರಿಗೆ ಹೋಗುವಂತಹುದು ಎಂಬುದು ಆಗ ಗೊತ್ತಾಗುತ್ತದೆ. ಉಳಿದದ್ದು ಎರಡು ಮುಚ್ಚಳದ ಬ್ಯಾರಲುಗಳಲ್ಲಿ ಹಿಡಿಯುವುದಾದರೆ ಕೊಟ್ಟಗೆಯೇ ಬೇಡ. 200 ಲೀಟರಿನ ಪ್ಲಾಸ್ಟಿಕ್ ಬ್ಯಾರಲಿಗಿಂತ ಅಗ್ಗದ, ಹಗುರದ, ಇಲಿ ನುಗ್ಗದ ಉಗ್ರಾಣ ಇನ್ನೊಂದಿಲ್ಲ. ಒಳಗೆ ಮೊದಲೇನಿತ್ತು ಎಂದು ಕೇಳಿ ಕೊಳ್ಳಬೇಕು, ಅಷ್ಟೆ. ನಮ್ಮ ಹಿರಿಯರ ಅಕ್ಕಿಮುಡಿಯೂ ಹೊತ್ತೊಯ್ಯುವ ಕಣಜವೇ ಅಲ್ಲವೇ? ಬೈಹುಲ್ಲನ್ನೇ ಗೋಡೆ ಮಾಡಿ 42 ಸೇರು ಅಕ್ಕಿಯನ್ನು ಬಿಗಿದರೆ ಅದು ಅಟ್ಟದಲ್ಲೂ ಇರುತ್ತದೆ, ತಲೆಯ ಮೇಲೂ ಹೋಗುತ್ತದೆ.

ಬ್ಯಾರಲು ಸಾಲದವರಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಆರು ಅಡಿ ಎತ್ತರ ಸಾಕು. ಇನ್ನೊಂದಡಿ ಇರಲಿ ಎಂದು ಆಸೆಪಡುವವರು ಎತ್ತುವವರ ಲೆಕ್ಕವನ್ನೂ ಹಾಕಬೇಕು. ಅರ್ಧ ಮಿಲಿಮೀಟರು ದಪ್ಪದ ಕಬ್ಬಿಣದ ತಗಡು ಚದರ ಮೀಟರಿಗೆ ಸುಮಾರು 4 ಕಿಲೋ ತೂಗುತ್ತದೆ. ಮೇಲೆ ಹೇಳಿದ ಅಳತೆಗೆ ಗೋಡೆ, ಮಾಡು ಸೇರಿ 14 ಚದರ ಮೀಟರು ತಗಡು ಬೇಕು. ಅಂದರೆ 55 ಕಿಲೋ. ಒಳಗಿನ ಚೌಕ ಪೈಪಿನ ಚೌಕಟ್ಟು ಇನ್ನೊಂದು 40 ಕಿಲೋ. ಒಟ್ಟು ನೂರು ಕಿಲೋದ ಆಸುಪಾಸು: ನಾಲ್ಕು ಗಟ್ಟಿ ಆಳುಗಳ ಹೊರೆ. ಅಲ್ಯೂಮಿನಿಯಂ ತಗಡಾದರೆ ತಗಡಿನ ತೂಕ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ, ಬೆಲೆ ಏರುತ್ತದೆ. ವೆಲ್ಡಿಂಗಿನವರಲ್ಲಿ ಅನೇಕರು ಕಿಲೋ ಲೆಕ್ಕದಲ್ಲಿ ಹಣ ಕೇಳುವುದರಿಂದ, 'ಎಷ್ಟಾಗುತ್ತದೆ' ಎನ್ನುವ ಮೊದಲು 'ಎಷ್ಟು ತೂಗುತ್ತದೆ' ಎಂದು ಕೇಳುವುದು ಲಾಭ. ಎಲ್ಲವನ್ನೂ ವೆಲ್ಡ್ ಮಾಡಿ ಒಂದೇ ಪೆಟ್ಟಿಗೆ ಮಾಡಬೇಡಿ. ನಾಲ್ಕು ಗೋಡೆ, ಒಂದು ಮಾಡು, ನಡುವೆ ಬೋಲ್ಟು-ನಟ್ಟು ಎಂದು ಹೇಳಿ. ಆಗ ಓಣಿ ಕಿರಿದಾಗಿದ್ದರೂ ಕೊಟ್ಟಗೆ ಹೊರಗೆ ಬರುತ್ತದೆ. ಬೋಲ್ಟಿಗೆ ವರ್ಷಕ್ಕೊಮ್ಮೆ ಗ್ರೀಸು ಹಚ್ಚದಿದ್ದರೆ ಸಮುದ್ರದ ಉಪ್ಪು ಗಾಳಿ ಅದನ್ನೇ ವೆಲ್ಡ್ ಮಾಡಿಬಿಡುತ್ತದೆ.

ಕೈಯಲ್ಲಿ ಹಣ ಕಡಿಮೆಯಿರುವವರು ತೋಟದ ಕಡೆ ನೋಡಲಿ. ಬಿದ್ದ ಅಡಿಕೆ ಮರದ ದಬ್ಬೆ, ಬಿದಿರಿನ ರೀಪು, ಮಡಲಿನ ತಟ್ಟಿ, ಮೇಲೆ ಟಾರ್ಪಾಲು. ಎರಡು ಮೂರು ಮಳೆಗಾಲಕ್ಕೆ ಧಾರಾಳವಾಯಿತು. ಗೆದ್ದಲಿಗೆ ಮಾತ್ರ ಎಡೆ ಕೊಡಬಾರದು: ಕಂಬ ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ನಿಲ್ಲಬೇಕು. ಹಳೆಯ ಗೂಡಂಗಡಿ ಮಾರಾಟಕ್ಕೆ ಬಂದರೆ ಬಿಡಬೇಡಿ. ಬೀಗ, ಹಲಗೆ, ಹಿಂದಿನವನು ಹೊಡೆದ ಮೊಳೆಗಳು ಎಲ್ಲವೂ ಸಿದ್ಧವಾಗಿಯೇ ಸಿಗುತ್ತವೆ. ಹಳೆಯ ಆಸ್ಬೆಸ್ಟಾಸ್ ಶೀಟು ಪುಕ್ಕಟೆ ಸಿಕ್ಕಿದರೂ ಬೇಡ. ಅದು ಭಾರ, ಎತ್ತುವಾಗ ಒಡೆಯುತ್ತದೆ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ಹಗುರವಾದದ್ದು ಹಾರುತ್ತದೆ ಎಂಬುದನ್ನು ನಾವು ಮರೆತು ಕಲಿತೆವು. ಮೊದಲ ತಗಡಿನ ಕೊಟ್ಟಗೆಯನ್ನು ತಂದು ನಿಲ್ಲಿಸಿ, 'ನಾಳೆ ಕಟ್ಟಿದರಾಯಿತು' ಎಂದು ಮಲಗಿದ ರಾತ್ರಿಯೇ ಮೇ ತಿಂಗಳ ಗಾಳಿಮಳೆ ಬಂತು. ಬೆಳಿಗ್ಗೆ ಕೊಟ್ಟಗೆ ನೆರೆಮನೆಯವರ ತೆಂಗಿನ ಬುಡದಲ್ಲಿ ಮಗುಚಿ ಬಿದ್ದಿತ್ತು. ಅವರ ಕೋಳಿಗೂಡಿಗೆ ತಾಗದೆ ಹೋದದ್ದು ನಮ್ಮ ಪುಣ್ಯ. ಈಗ ನಾಲ್ಕು ಮೂಲೆಗೆ ಗಾರೆಯಿಲ್ಲದೆ ಕೆಂಪುಕಲ್ಲು ಇಟ್ಟಿದ್ದೇವೆ. ಚೌಕಟ್ಟಿನ ಒಳಗಡೆ ಅಡ್ಡಪಟ್ಟಿಯ ಮೇಲೂ ಕಲ್ಲು ಹೇರಿದ್ದೇವೆ. ಕಲ್ಲೊಂದಕ್ಕೆ ಮೂವತ್ತು ಕಿಲೋ ಎಂದರೂ ಆರು ಕಲ್ಲಿಗೆ ಕೊಟ್ಟಗೆಯ ಸ್ವಂತ ತೂಕದ ಎರಡರಷ್ಟಾಗುತ್ತದೆ. ಸಾಗಿಸುವಾಗ ಕಲ್ಲು ಇಳಿಸಿದರೆ ಮುಗಿಯಿತು. ಕೆಳಗೆ ಒಂದಡಿ ಗಾಳಿ ಆಡುವುದರಿಂದ ಸೌದೆಗೆ ಬೂಷ್ಟು ಹಿಡಿಯುವುದೂ ನಿಂತಿತು.

ಸ್ಪೇನ್ ದೇಶದ ಅಸ್ತೂರಿಯಾಸ್ ಎಂಬಲ್ಲಿ ಮರದ ಕಣಜಗಳನ್ನು ಹೀಗೆಯೇ ಕಂಬಗಳ ಮೇಲೆ ನಿಲ್ಲಿಸುತ್ತಾರೆ. ಕಂಬದ ತಲೆಗೆ ಅಗಲವಾದ ಚಪ್ಪಟೆ ಕಲ್ಲು, ಇಲಿ ಹತ್ತದಂತೆ. ಬಿಚ್ಚಿ ಬೇರೆಡೆ ಜೋಡಿಸಲು ಬರುವುದರಿಂದ ಅದನ್ನು ಅಲ್ಲಿ ಹಿಂದಿನಿಂದಲೂ ಚರ ಸೊತ್ತೆಂದೇ ಎಣಿಸುತ್ತಿದ್ದರಂತೆ. ಅಷ್ಟು ದೂರ ಏಕೆ, ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ದೊಡ್ಡ ಮನೆಗಳನ್ನೇ ಬಿಚ್ಚಿ ತಂದು ಪುನಃ ನಿಲ್ಲಿಸಿದ್ದಾರೆ.

ಒಳಗೆ ಏನಿಡಬಾರದು ಎಂಬುದೂ ಮುಖ್ಯ. ಚಾಲಿ ಅಡಿಕೆಯನ್ನೂ ಕಾಳುಮೆಣಸನ್ನೂ ತಗಡಿನ ಕೊಟ್ಟಗೆಯಲ್ಲಿಡಬೇಡಿ. ಮಳೆಗಾಲದ ರಾತ್ರಿ ತಗಡು ಬೆವರುತ್ತದೆ, ಬೂಷ್ಟು ಗ್ಯಾರಂಟಿ. ಕೊಳೆರೋಗದ ಮದ್ದಿಗೆ ತಂದ ಮೈಲುತುತ್ತು ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯೇ ಸರಿ. ಪೆಟ್ರೋಲಿನ ಕ್ಯಾನು ಬೈಹುಲ್ಲಿನ ಜತೆ ಇರಕೂಡದು. ಕೀಟನಾಶಕಕ್ಕೆ ಬೇರೆ ಬೀಗದ ಪೆಟ್ಟಿಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದುದರ ಫಲವನ್ನು ಉಂಡ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಡಿಪಾಯವಿಲ್ಲದ ಕೊಟ್ಟಗೆಗೆ ಅನುಮತಿ ಬೇಡವೆಂದು ಯಾರಾದರೂ ಹೇಳಿದರೆ ಅದನ್ನೇ ನಂಬಿ ಕೂರಬೇಡಿ. ಗಡಿಯಿಂದ ಎಷ್ಟು ಬಿಡಬೇಕು, ಅರ್ಜಿ ಬೇಕೇ ಎಂದು ಪಂಚಾಯತು ಕಚೇರಿಯಲ್ಲಿ ವಿಚಾರಿಸಿಯೇ ಇಡಿ. ಓದಲು ಬಾರದ ಲಿಪಿಯಲ್ಲಿ ನೋಟೀಸು ಬಂದು ತೊಂದರೆಯಾದರೆ ಮನವಿಯನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಒಂದು ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ, ಮೊಹರು ಹಾಕಿಸಿಕೊಳ್ಳಿ.

ಹಾರಿಹೋದ ತಗಡಿನ ಕೊಟ್ಟಗೆಯನ್ನು ನೇರ ಮಾಡಿಸಿ ತಂಗಿಯ ಮನೆಗೆ ಕಳುಹಿಸಿದ್ದೇವೆ. ಅವಳ ಹಿತ್ತಿಲಲ್ಲಿ ಅದು ಕಲ್ಲು ಹೇರಿಕೊಂಡು ನೆಟ್ಟಗೆ ನಿಂತಿದೆ. ನಮ್ಮಲ್ಲಿ ಈಗ ಇರುವುದು ಬಂಟ್ವಾಳದ ಕಡೆಯಿಂದ ತರಿಸಿದ ಹಳೆಯ ಗೂಡಂಗಡಿ. ಸೌದೆ ಒಂದು ಬದಿ, ಹಾರೆ ಪಿಕ್ಕಾಸು ಇನ್ನೊಂದು ಬದಿ, ಸೋಡಾ ಬಾಟ್ಲಿ ಇಡುತ್ತಿದ್ದ ಹಲಗೆಯ ಮೇಲೆ ಕತ್ತಿ, ಹಗ್ಗ. ಬಾಗಿಲಿನ ಒಳಮೈಯಲ್ಲಿ ಯಾರೋ ಸೀಮೆಸುಣ್ಣದಿಂದ ಬರೆದ ಸಾಲದ ಲೆಕ್ಕ ಹಾಗೆಯೇ ಇದೆ: ಬೀಡಿ, ಬೆಂಕಿಪೊಟ್ಟಣ, ಎರಡು ಚಹಾ. ಅದನ್ನು ಇನ್ನೂ ಒರಸಿಲ್ಲ.