ಹಾಡು ಯಾರದು, ದುಡ್ಡು ಯಾರದು?

ರೂಮಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಬಂದರೆ ಕೇಕ್ ಕತ್ತರಿಸಿ ‘ಹ್ಯಾಪಿ ಬರ್ತ್‌ಡೇ’ ಹಾಡುತ್ತೇವೆ. ನಾಲ್ಕು ಗೋಡೆಯೊಳಗೆ ಹಾಡಿದರೆ ಯಾರೂ ಕೇಳುವುದಿಲ್ಲ. ಆದರೆ ಅದೇ ಹಾಡನ್ನು ಸಿನಿಮಾದಲ್ಲಿ ಬಳಸಲು ಅಮೆರಿಕದಲ್ಲಿ ಬಹುಕಾಲ ಹಣ ಕಟ್ಟಬೇಕಿತ್ತು. ಆ ಹಾಡಿನ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಹೊರಟ ನ್ಯೂಯಾರ್ಕ್‌ನ ಜೆನಿಫರ್ ನೆಲ್ಸನ್ 1,500 ಡಾಲರ್ ತೆತ್ತರು; 2013ರಲ್ಲಿ ಕೋರ್ಟಿಗೂ ಹೋದರು. ಧಾಟಿ 1893ರಲ್ಲೇ ಅಚ್ಚಾಗಿತ್ತು. ಸಾಹಿತ್ಯದ ಮೇಲೂ ಕಂಪನಿಗೆ ಸರಿಯಾದ ಹಕ್ಕಿಲ್ಲವೆಂದು 2015ರಲ್ಲಿ ತೀರ್ಪು ಬಂತು. ಮರುವರ್ಷ 1 ಕೋಟಿ 40 ಲಕ್ಷ ಡಾಲರ್‌ಗೆ ರಾಜಿಯಾಗಿ ಹಾಡು ಎಲ್ಲರದಾಯಿತು.

ಹಾಗಾದರೆ ಕಾಪಿರೈಟ್ ಕಾನೂನೇ ಬೇಡವೇ? ನ್ಯೂಯಾರ್ಕ್‌ಗೆ ನಂಟಿರುವ ಇನ್ನೊಂದು ಕಥೆ ಕೇಳಿ.

ಸಾಲೊಮನ್ ಲಿಂಡಾ ನಮ್ಮಂತೆಯೇ ಊರು ಬಿಟ್ಟು ದುಡಿಯಲು ಹೋದವರು. ದಕ್ಷಿಣ ಆಫ್ರಿಕಾದ ಜುಲು ಹಳ್ಳಿಯಿಂದ ಜೊಹಾನ್ಸ್‌ಬರ್ಗ್‌ಗೆ ಬಂದು ರೆಕಾರ್ಡ್ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದರು. 1939ರಲ್ಲಿ ಗೆಳೆಯರೊಡನೆ ‘ಎಂಬೂಬೆ’ ಹಾಡಿದರು. ಎಂಬೂಬೆ ಎಂದರೆ ಸಿಂಹ. ಹಕ್ಕಿಗೆ ಸಿಕ್ಕಿದ್ದು ಬರೀ 10 ಶಿಲ್ಲಿಂಗ್. ಆ ರೆಕಾರ್ಡ್ ನ್ಯೂಯಾರ್ಕ್ ತಲುಪಿತು. 1961ರಲ್ಲಿ ಬ್ರೂಕ್ಲಿನ್‌ನ ‘ದ ಟೋಕನ್ಸ್’ ತಂಡ ಅದನ್ನು ಇಂಗ್ಲಿಷಿನಲ್ಲಿ ಹಾಡಿದಾಗ ಜಗತ್ತೇ ತಲೆದೂಗಿತು. ಮರುವರ್ಷ ತೀರಿಕೊಂಡ ಲಿಂಡಾರ ಸಮಾಧಿಗೆ ಕಲ್ಲು ಹಾಕಿಸಲೂ ಮನೆಯವರ ಬಳಿ ಹಣವಿರಲಿಲ್ಲ.

ಕೊನೆಗೆ ಕೈಹಿಡಿದದ್ದೂ ಕಾನೂನೇ. ಕರ್ತೃ ತೀರಿಕೊಂಡು 25 ವರ್ಷವಾದ ಮೇಲೆ ಹಕ್ಕು ವಾರಸುದಾರರಿಗೆ ಮರಳಬೇಕೆಂದು 1911ರ ಬ್ರಿಟಿಷ್ ಕಾಯ್ದೆ ಹೇಳುತ್ತಿತ್ತು. ಅದನ್ನೇ ಹಿಡಿದು 2004ರಲ್ಲಿ ದಾವೆ ಹೂಡಲಾಯಿತು. 2006ರ ರಾಜಿಯಲ್ಲಿ ಲಿಂಡಾರ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು.

ಎರಡೂ ಕಥೆ ಹೇಳುವುದು ಒಂದೇ: ಹಕ್ಕು ಹಾಡು ಕಟ್ಟಿದವರ ಬಳಿ ಇದ್ದರೆ ಅನ್ನ; ನಡುವಿನವರ ಕೈಸೇರಿದರೆ ಹಾಡುವವರಿಗೂ ಕೇಳುವವರಿಗೂ ಹೊರೆ. ಭಾರತದಲ್ಲಿ 2012ರ ತಿದ್ದುಪಡಿ ಈ ದಾರಿಯಲ್ಲೇ ಇದೆ. ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಇದೆ. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲೂ ಬರುವುದಿಲ್ಲ.

ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲೂ ಡ್ಯೂಟಿ ಮುಗಿಸಿ ಹಾಡು ಕಟ್ಟುವವರಿದ್ದಾರೆ. ಅಂಥವರು ಕರಾರಿಗೆ ಸಹಿ ಹಾಕುವ ಮುನ್ನ ತಿಳಿದವರಿಂದ ಓದಿಸಿಕೊಳ್ಳಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವ ನಾವು ಗಾಯಕರ ಜೊತೆಗೆ ಹಾಡು ಬರೆದವರ, ರಾಗ ಹಾಕಿದವರ ಹೆಸರನ್ನೂ ಹೇಳೋಣ.