ನಿಮ್ಮ ವಾರ್ಡಿನ ನಗರಸೇವಕರು ಯಾರು, ಗೊತ್ತೇ?



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ದೇಶದ ಪ್ರಧಾನಿ ಯಾರು? ಥಟ್ಟನೆ ಹೇಳುತ್ತೀರಿ. ಕರ್ನಾಟಕದ ಮುಖ್ಯಮಂತ್ರಿ? ಅದೂ ಗೊತ್ತು. ಊರಿನ ಗ್ರಾಮ ಪಂಚಾಯತಿ ಅಧ್ಯಕ್ಷರು ಯಾರು, ಅವರು ಯಾರ ಮಗ, ಯಾರ ಅಳಿಯ ಎಂಬುದೂ ಗೊತ್ತಿರುತ್ತದೆ. ಆದರೆ ನೀವು ದಿನಾ ನಡೆದಾಡುವ ಗಲ್ಲಿಯ, ನಿಮ್ಮ ನಲ್ಲಿಯ ನೀರಿನ, ನಿಮ್ಮ ಬಾಗಿಲ ಮುಂದಿನ ಗಟಾರದ ಜವಾಬ್ದಾರಿ ಹೊತ್ತ ನಗರಸೇವಕರು ಯಾರು? ಇಲ್ಲಿ ಮಾತ್ರ ನಮ್ಮಲ್ಲಿ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತೇವೆ, ಅಲ್ಲವೇ? ಬನ್ನಿ, ಈ ಸಲ ಆ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಬೃಹನ್ಮುಂಬಯಿ ಮಹಾನಗರ ಪಾಲಿಕೆ ಇಂದಿಗೂ ನಡೆಯುತ್ತಿರುವುದು 1888ರ ಕಾಯಿದೆಯ ಪ್ರಕಾರ. ಆ ಕಾಯಿದೆಯ ಹಿಂದಿದ್ದ ಪ್ರಮುಖರು ಸರ್ ಫಿರೋಜ್ ಶಾ ಮೆಹ್ತಾ. ಸಿ.ಎಸ್.ಎಂ.ಟಿ. ಎದುರಿನ ಪಾಲಿಕೆ ಕಟ್ಟಡದ ಮುಂದೆ ನಿಂತಿರುವ ಪ್ರತಿಮೆ ಅವರದೇ. ಮೊದಲು ಪಾಲಿಕೆಯ ವ್ಯಾಪ್ತಿ ದ್ವೀಪನಗರಕ್ಕೆ ಸೀಮಿತವಾಗಿತ್ತು. 1950ರಲ್ಲಿ ಹತ್ತಿರದ ಉಪನಗರಗಳು ಸೇರಿದವು. 1957ರಲ್ಲಿ ದಹಿಸರ್, ಮುಲುಂಡ್‌ವರೆಗೆ ಗಡಿ ಬೆಳೆಯಿತು. ಈಗ ಒಟ್ಟು 227 ಪ್ರಭಾಗಗಳಿವೆ. ಒಂದನೇ ನಂಬರು ದಹಿಸರ್‌ನಲ್ಲಿ ಶುರುವಾಗಿ, 227ನೆಯದು ಕೊಲಾಬಾದಲ್ಲಿ ಮುಗಿಯುತ್ತದೆ. ಇವುಗಳಲ್ಲಿ 114 ಮಹಿಳೆಯರಿಗೆ ಮೀಸಲು.

ಈಗ ಒಂದು ಚಿಕ್ಕ ಲೆಕ್ಕ. 2011ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ ಸುಮಾರು ಒಂದು ಕೋಟಿ 24 ಲಕ್ಷ. 227ರಿಂದ ಭಾಗಿಸಿ ನೋಡಿ, ಒಬ್ಬ ನಗರಸೇವಕರ ಪಾಲಿಗೆ ಸರಾಸರಿ 55 ಸಾವಿರ ಜನ! ನಮ್ಮ ಉಡುಪಿ ನಗರಸಭೆಯಲ್ಲಿ 35 ವಾರ್ಡುಗಳಿವೆ, ಅಲ್ಲಿ ಒಬ್ಬ ಸದಸ್ಯರಿಗೆ ಸುಮಾರು ನಾಲ್ಕು ಸಾವಿರ ಜನ. ಊರಿನಲ್ಲಿ ಸದಸ್ಯರು ಮೀನು ಮಾರುಕಟ್ಟೆಯಲ್ಲೋ, ದೇವಸ್ಥಾನದ ಜಾತ್ರೆಯಲ್ಲೋ ತಾವಾಗಿಯೇ ಎದುರಾಗುತ್ತಾರೆ. ಇಲ್ಲಿ ಹಾಗಲ್ಲ. ಒಂದು ಪ್ರಭಾಗವೇ ಒಂದು ಸಣ್ಣ ಪಟ್ಟಣದಷ್ಟು ದೊಡ್ಡದು. ಹಾಗಾಗಿ ನಾವೇ ಹುಡುಕಿಕೊಂಡು ಹೋಗಬೇಕು.

ಹುಡುಕಿಕೊಂಡು ಹೋಗಿ ಏನು ಕೇಳಬೇಕು? ಇಲ್ಲಿಯೇ ಅನೇಕರಿಗೆ ಗೊಂದಲ. ನಗರಸೇವಕರು ಅಧಿಕಾರಿಯಲ್ಲ. ಪಾಲಿಕೆಯ ಆಡಳಿತ ನಡೆಸುವವರು ಆಯುಕ್ತರು, ರಾಜ್ಯ ಸರಕಾರ ನೇಮಿಸುವ ಐ.ಎ.ಎಸ್. ಅಧಿಕಾರಿ. ಮಹಾಪೌರರನ್ನು ನಗರಸೇವಕರೇ ಎರಡೂವರೆ ವರ್ಷಕ್ಕೆ ಆರಿಸುತ್ತಾರೆ. ಅವರಿಗೆ ಗೌರವ ದೊಡ್ಡದು, ಸಭೆ ನಡೆಸುವ ಅಧಿಕಾರವೂ ಇದೆ, ಆದರೆ ದಿನನಿತ್ಯದ ಆಡಳಿತ ಅವರ ಕೈಯಲ್ಲಿಲ್ಲ. ಹಾಗಾದರೆ ನಗರಸೇವಕರ ಬಲ ಎಲ್ಲಿದೆ? ಸ್ಥಾಯಿ ಸಮಿತಿ, ಸುಧಾರ ಸಮಿತಿ, ಶಿಕ್ಷಣ ಸಮಿತಿ, ಬೆಸ್ಟ್ ಸಮಿತಿ ಎಂಬ ನಾಲ್ಕು ಶಾಸನಬದ್ಧ ಸಮಿತಿಗಳಲ್ಲಿದೆ. ದೊಡ್ಡ ಗುತ್ತಿಗೆಗಳು, ಮುಂಗಡಪತ್ರ, ಶಾಲೆಗಳ ಖರ್ಚು, ಬಸ್ಸಿನ ವಿಚಾರ ಎಲ್ಲವೂ ಇಲ್ಲಿ ಚರ್ಚೆಗೆ ಬರಬೇಕು. 2025-26ರ ಪಾಲಿಕೆ ಮುಂಗಡಪತ್ರ 74,427 ಕೋಟಿ ರೂಪಾಯಿಗಳದ್ದು, ಅಂದರೆ ಕೆಲವು ಸಣ್ಣ ರಾಜ್ಯಗಳ ಬಜೆಟ್ಟಿಗಿಂತ ದೊಡ್ಡದು. ಇಷ್ಟು ಹಣದ ಬಗ್ಗೆ "ಯಾಕೆ? ಎಲ್ಲಿ? ಎಷ್ಟು?" ಎಂದು ನಮ್ಮ ಪರವಾಗಿ ಕೇಳುವುದೇ ನಗರಸೇವಕರ ಮುಖ್ಯ ಕೆಲಸ.

ಆ ಪ್ರಶ್ನೆ ಕೇಳುವವರೇ ಇಲ್ಲದಿದ್ದರೆ ಏನಾಗುತ್ತದೆ? ಅದನ್ನೂ ನಾವು ಕಂಡಿದ್ದೇವೆ. 2017ರ ಫೆಬ್ರವರಿಯಲ್ಲಿ ಆರಿಸಿ ಬಂದ ಸದಸ್ಯರ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಇತರೆ ಹಿಂದುಳಿದ ವರ್ಗಗಳ ಮೀಸಲಾತಿ, ಪ್ರಭಾಗಗಳ ಸಂಖ್ಯೆ 227 ಇರಬೇಕೋ 236 ಆಗಬೇಕೋ ಎಂಬ ತಕರಾರು, ಎಲ್ಲ ಸೇರಿ ವಿಷಯ ನ್ಯಾಯಾಲಯದಲ್ಲಿ ಉಳಿಯಿತು. ಕೊನೆಗೆ ಮತದಾನ ನಡೆದದ್ದು 2026ರ ಜನವರಿ 15ರಂದು. ಹತ್ತಿರ ಹತ್ತಿರ ನಾಲ್ಕು ವರ್ಷ ಮುಂಬಯಿಗೆ ಒಬ್ಬ ನಗರಸೇವಕರೂ ಇರಲಿಲ್ಲ! ಆಯುಕ್ತರೇ ಆಡಳಿತಾಧಿಕಾರಿ. ಮುಂಗಡಪತ್ರ ಮಂಡಿಸುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಅಧಿಕಾರಿಗಳು ಒಳ್ಳೆಯವರೇ ಇರಬಹುದು, ಮಾತು ಅದಲ್ಲ. ಮಳೆಗಾಲದಲ್ಲಿ ಚಾಳಿಗೆ ನೀರು ನುಗ್ಗಿದಾಗ ರಾತ್ರಿ ಹನ್ನೊಂದಕ್ಕೆ ಹೋಗಿ ಬಾಗಿಲು ತಟ್ಟಲು ಒಂದು ಮನೆ ಬೇಕಲ್ಲ?

ಇನ್ನು ನಮ್ಮ ಕನ್ನಡಿಗರ ವಿಷಯಕ್ಕೆ ಬರೋಣ. ಈ ಪಾಲಿಕೆಗೂ ನಮಗೂ ಹಳೆಯ ನಂಟಿದೆ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ 1949ರಲ್ಲಿ ಕೆಲಸ ಹುಡುಕುತ್ತ ಮುಂಬಯಿಗೆ ಬಂದರು. ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು. ಮುಂದೆ ಕಾರ್ಮಿಕ ಸಂಘಟನೆಗೆ ಇಳಿದು, 1961ರಲ್ಲಿ ಮುಂಬಯಿ ಪಾಲಿಕೆಗೆ ಆರಿಸಿ ಬಂದರು. 1967ರ ಲೋಕಸಭಾ ಚುನಾವಣೆಯಲ್ಲಿ, ಹಿಂದೆ ಇದೇ ಮುಂಬಯಿಯ ಮೇಯರ್ ಆಗಿದ್ದ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ್ದು ಇತಿಹಾಸ. ಕೇಂದ್ರ ಸಚಿವ ಜಾರ್ಜ್ ಎಲ್ಲರಿಗೂ ನೆನಪಿದ್ದಾರೆ, ನಗರಸೇವಕ ಜಾರ್ಜ್ ಎಷ್ಟು ಮಂದಿಗೆ ನೆನಪು? ಹೊರಗಿನಿಂದ ಬಂದ ದುಡಿಮೆಗಾರನೊಬ್ಬ ಈ ನಗರದ ಪ್ರತಿನಿಧಿಯಾಗಲು ಪಾಲಿಕೆಯೇ ಮೊದಲ ಮೆಟ್ಟಿಲಾಯಿತು ಎಂಬುದನ್ನು ನಾವು ಮರೆಯಬಾರದು.

ಎರಡನೆಯ ನಂಟು ಶಾಲೆ. ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಹೋಟೆಲಿನಲ್ಲಿ ದುಡಿಯುವವರ, ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಅಆಇಈ ತಿದ್ದಿದ್ದಾರೆ. ಇದು ಯಾರೋ ಮಾಡಿದ ಉಪಕಾರವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರಲ್ಲಿ, ಭಾಷಾವಾರು ರಾಜ್ಯಗಳಾದ ವರ್ಷವೇ ಸೇರಿಸಿದ ವಿಧಿ ಇದು. ಮಕ್ಕಳ ಸಂಖ್ಯೆ ಇಳಿದಾಗ ತರಗತಿ ಉಳಿಯಬೇಕೇ, ಶಿಕ್ಷಕರು ಬರಬೇಕೇ, ಪಕ್ಕದ ಶಾಲೆಯೊಂದಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಎತ್ತಿ ಕೇಳುವ ಜಾಗ ಪಾಲಿಕೆಯ ಶಿಕ್ಷಣ ಸಮಿತಿ. ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡ ಉಳಿಯಬೇಕೆಂದು ನಾವು ಚಪ್ಪಾಳೆ ತಟ್ಟುತ್ತೇವೆ, ಸಂತೋಷ. ಆದರೆ ಆ ಮಾತು ನಮ್ಮ ನಗರಸೇವಕರ ಕಿವಿಗೆ ಬಿದ್ದಿದೆಯೇ?

ಕೇಳಬೇಕಾದರೆ ಮೊದಲು ನಮ್ಮ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿರಬೇಕು. ಇಪ್ಪತ್ತು ವರ್ಷದಿಂದ ಭಾಂಡುಪ್‌ನಲ್ಲಿದ್ದರೂ ವೋಟು ಮಾತ್ರ ಊರಿನಲ್ಲಿ, ಇಂಥವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಎರಡೂ ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಒಂದೇ ಕಡೆ ಇರಬೇಕು, ಅದೂ ನೀವು ವಾಸವಿರುವ ಕಡೆ. ಮನೆ ಬದಲಾಗಿದ್ದರೆ ಫಾರ್ಮ್ 8, ಹೊಸದಾಗಿ ಸೇರುವುದಾದರೆ ಫಾರ್ಮ್ 6. ವಿಧಾನಸಭೆಯ ಪಟ್ಟಿಯಿಂದಲೇ ಪಾಲಿಕೆಯ ಪಟ್ಟಿ ತಯಾರಾಗುತ್ತದೆ. ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿಯ ಶ್ರೋತೃಗಳಿಗೆ ಒಂದು ಕಿವಿಮಾತು: ನಿಮ್ಮದು ಬೇರೆ ಬೇರೆ ಪಾಲಿಕೆಗಳು. ಮುಂಬಯಿಯಲ್ಲಿ ಒಂದು ಪ್ರಭಾಗಕ್ಕೆ ಒಬ್ಬರೇ ನಗರಸೇವಕರು. 2026ರ ಚುನಾವಣೆಯಲ್ಲಿ ನಿಮ್ಮ ಕಡೆ ನಡೆದದ್ದು ಪ್ಯಾನೆಲ್ ಪದ್ಧತಿ, ಒಂದು ಪ್ರಭಾಗದಿಂದ ಹಲವು ಸದಸ್ಯರು. ಹಾಗಾಗಿ ನಿಮಗೆ ಕೇಳಲು ಒಂದಕ್ಕಿಂತ ಹೆಚ್ಚು ಬಾಗಿಲುಗಳಿವೆ!

ಕೊನೆಗೆ, ಯಾವ ದೂರಿಗೆ ಯಾವ ಬಾಗಿಲು? ನೀರು, ಕಸ, ಗಟಾರ, ಗಲ್ಲಿಯ ರಸ್ತೆ, ಪಾಲಿಕೆಯ ಆಸ್ಪತ್ರೆ, ಪಾಲಿಕೆಯ ಶಾಲೆ, ಉದ್ಯಾನ, ಇವು ನಗರಸೇವಕರ ಬಳಿಗೆ. ಹೋಟೆಲಿನ ಆರೋಗ್ಯ ಪರವಾನಗಿ ವಾರ್ಡ್ ಕಚೇರಿಯ ವಿಷಯ. ಆದರೆ ಲೋಕಲ್ ರೈಲು ರೈಲ್ವೆಯದು, ಪೊಲೀಸ್ ಮತ್ತು ರೇಷನ್ ಕಾರ್ಡ್ ರಾಜ್ಯ ಸರಕಾರದ್ದು, ಮ್ಹಾಡಾ ಕಟ್ಟಡದ ದುರಸ್ತಿ ಮ್ಹಾಡಾದ್ದು. ಇದಕ್ಕೆಲ್ಲ ನಗರಸೇವಕರನ್ನು ಬೈದು ಫಲವಿಲ್ಲ.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅರ್ಧ ಪುಟ ಬರೆದು, ತಾರೀಕು ಹಾಕಿ, ವಾರ್ಡ್ ಕಚೇರಿಯಲ್ಲಿ ಕೊಟ್ಟು ಆವಕ್ ನಂಬರು ಪಡೆಯಿರಿ. ಅದರ ಒಂದು ಪ್ರತಿ ನಗರಸೇವಕರಿಗೆ. ತುರ್ತಿಗೆ ಪಾಲಿಕೆಯ 1916 ಇದೆ. ಹದಿನೈದು ದಿನ ಬಿಟ್ಟು ಅದೇ ನಂಬರು ಹಿಡಿದು ಮತ್ತೆ ಹೋಗಿ. ಒಬ್ಬರೇ ಹೋಗುವುದಕ್ಕಿಂತ ಸೊಸೈಟಿಯ ನಾಲ್ಕು ಮಂದಿ, ಅದರಲ್ಲೂ ಬೇರೆ ಭಾಷೆಯ ನೆರೆಯವರು ಜೊತೆಗಿದ್ದರೆ ಕೆಲಸಕ್ಕೆ ತೂಕ ಹೆಚ್ಚು. ಗಟಾರದ ನೀರು ಭಾಷೆ ನೋಡಿ ಮನೆಗೆ ನುಗ್ಗುವುದಿಲ್ಲವಲ್ಲ!

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಪ್ರಭಾಗದ ನಂಬರು, ನಗರಸೇವಕರ ಹೆಸರು, ಅವರು ಯಾವ ಸಮಿತಿಯಲ್ಲಿದ್ದಾರೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿ. ಗ್ಯಾಸ್ ನಂಬರಿನ ಪಕ್ಕದಲ್ಲೇ ಇರಲಿ. ಮುಂದಿನ ಮಳೆಗಾಲಕ್ಕೆ ಬೇಕಾಗುತ್ತದೆ.