ಆಟಯಂತ್ರದ ಪ್ರತಿಕೃತಿಗಳೂ ನಕಲಿನ ನೀತಿಯೂ: ಒಂದು ವಿವೇಚನೆ

1

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಪ್ರದೇಶದ ಮನೆಗಳ ಅಟ್ಟಗಳ ಮೇಲೆ ಕಾಗದದ ಕವಿಲೆ, ತಾಳೆಯೋಲೆಯ ಕಟ್ಟು ದೊರೆತರೆ ಅದನ್ನು ಜೋಪಾನಮಾಡಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಈಗ ತಕ್ಕಮಟ್ಟಿಗೆ ಬೆಳೆದಿದೆ. ಆದರೆ ಅದೇ ಅಟ್ಟದಲ್ಲಿ ಎರಡು ಹಿಡಿಕೆಗಳುಳ್ಳ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಂದೂ, ಹಳದಿ ಬಣ್ಣದ ನಾಲ್ಕಾರು ಕ್ಯಾಸೆಟ್ಟುಗಳೂ ದೊರೆತರೆ ಅವುಗಳಿಗೆ ಗುಜರಿಯೇ ಗತಿ. 1990ರ ದಶಕದಲ್ಲಿ ನಮ್ಮ ನಾಡಿನ ಎಷ್ಟೋ ಮಕ್ಕಳಿಗೆ ಗಣಕಯಂತ್ರದ ಮೊದಲ ಪರಿಚಯವಾದದ್ದು ಈ ಪೆಟ್ಟಿಗೆಯಿಂದಲೇ ಎಂಬುದನ್ನು ನಾವು ಮರೆಯಲಾಗದು. ಆ ಪೆಟ್ಟಿಗೆ ಯಾವುದು, ಅದರೊಳಗಿನ ಆಟಗಳನ್ನು ಇಂದು ಉಳಿಸಿಕೊಳ್ಳುವ ಬಗೆ ಹೇಗೆ, ಹಾಗೆ ಉಳಿಸುವುದು ನ್ಯಾಯವೇ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

2

ಮೂಲಯಂತ್ರವು ಜಪಾನಿನ ನಿಂಟೆಂಡೋ ಸಂಸ್ಥೆಯು 1983ರ ಜುಲೈ ತಿಂಗಳಲ್ಲಿ ಹೊರತಂದ ‘ಫ್ಯಾಮಿಕಾಮ್’ ಎಂಬುದು. ಅದರ ಹೃದಯಸ್ಥಾನದಲ್ಲಿದ್ದುದು 6502 ಎಂಬ ಸಂಸ್ಕಾರಕದ ಒಂದು ರೂಪ. ಅದರ ಜೊತೆಗೆ ಚಿತ್ರಗಳನ್ನು ಬಿಡಿಸುವ ಇನ್ನೊಂದು ಚಿಪ್ಪು, ಕೇವಲ 2 ಕಿಲೋಬೈಟಿನ ಕಾರ್ಯಸ್ಮೃತಿ. ಪರದೆಯ ಅಗಲ 256 ಚುಕ್ಕಿ, ಎತ್ತರ 240 ಚುಕ್ಕಿ. 1985ರಲ್ಲಿ ಪ್ರಕಟವಾದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವು ಕ್ರಮವಿಧಿಗೆ 32 ಕಿಲೋಬೈಟು, ಚಿತ್ರಗಳಿಗೆ 8 ಕಿಲೋಬೈಟು, ಒಟ್ಟು 40 ಕಿಲೋಬೈಟುಗಳಲ್ಲಿ ಅಡಗಿತ್ತು. ಇಂದು ಕೈಯಲ್ಲಿನ ದೂರವಾಣಿಯಿಂದ ತೆಗೆಯುವ ಒಂದು ಛಾಯಾಚಿತ್ರವು ಇದರ ಎಷ್ಟೋ ಪಟ್ಟು ಹೆಚ್ಚಿನ ಜಾಗವನ್ನು ತಿನ್ನುತ್ತದೆ.

ನಮ್ಮ ಊರುಗಳಿಗೆ ಬಂದದ್ದು ಈ ಮೂಲಯಂತ್ರವಲ್ಲ, ಅದರ ಪ್ರತಿಕೃತಿ. ತೈವಾನಿನ ಕಾರ್ಖಾನೆಗಳು ಮೂಲದ ಎರಡು ಚಿಪ್ಪುಗಳಿಗೆ ಸಮನಾದ ಚಿಪ್ಪುಗಳನ್ನು ತಾವೇ ತಯಾರಿಸಿದುವು. ಮುಂದೆ ಇಡಿಯ ಯಂತ್ರವೇ ಒಂದೇ ಚಿಪ್ಪಿನಲ್ಲಿ ಅಡಕವಾಗಿ, ಬೆಲೆ ಇನ್ನೂ ಇಳಿಯಿತು. ಭಾರತದಲ್ಲಿ ‘ಲಿಟ್ಲ್ ಮಾಸ್ಟರ್’, ‘ಟರ್ಮಿನೇಟರ್’ ಮೊದಲಾದ ಹೆಸರುಗಳಲ್ಲಿ ಇಂಥ ಯಂತ್ರಗಳು ಮಾರಾಟವಾದುವು. ಕೊಂಡವರು ಅದನ್ನು ‘ಟಿ.ವಿ. ಗೇಮು’ ಎಂದರೇ ಹೊರತು ಜಪಾನಿನ ಹೆಸರನ್ನು ಕೇಳಿದವರೇ ವಿರಳ.

3

ಗ್ರಂಥಸಂಪಾದನೆಯನ್ನು ಅಭ್ಯಾಸಮಾಡಿದ ವಾಚಕರಿಗೆ ಇಲ್ಲಿ ಒಂದು ಪರಿಚಿತ ಸಂಗತಿ ಕಾಣುತ್ತದೆ. ಲಿಪಿಕಾರನು ಮೂಲವನ್ನು ಪ್ರತಿಮಾಡುವಾಗ ಪಾಠಾಂತರಗಳು ಹುಟ್ಟುತ್ತವೆಯಷ್ಟೆ. ಪ್ರತಿಕೃತಿಯಂತ್ರಗಳಲ್ಲಿಯೂ ಅವು ಹುಟ್ಟಿವೆ. ಜಪಾನಿನ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಬಾರಿ ಪರದೆ ಹೊಸತಾಗುತ್ತಿತ್ತು. ನಮ್ಮ ದೇಶದ ‘ಪಾಲ್’ ಪದ್ಧತಿಯಲ್ಲಿ 50 ಬಾರಿ. ಆಟದ ಗತಿಯೂ ಸಂಗೀತದ ನಡೆಯೂ ಈ ಎಣಿಕೆಯನ್ನೇ ಅವಲಂಬಿಸಿದ್ದುದರಿಂದ, ಪಾಲ್ ಪದ್ಧತಿಗೆ ಹೊಂದಿಸಿದ ಪ್ರತಿಕೃತಿಗಳಲ್ಲಿ ಹಾಡು ಆರನೆಯ ಒಂದು ಭಾಗದಷ್ಟು ನಿಧಾನವಾಯಿತು. ಆದರೆ ಸಂಸ್ಕಾರಕದ ವೇಗವನ್ನು ಮೂಲಕ್ಕೆ ಬಲು ಸಮೀಪದಲ್ಲಿಯೇ ಇರಿಸಿದ್ದರಿಂದ ಶ್ರುತಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮತ್ತೊಂದು ವ್ಯತ್ಯಾಸವೆಂದರೆ, ಹಲವು ಪ್ರತಿಕೃತಿ ಚಿಪ್ಪುಗಳಲ್ಲಿ ನಾದದ ಎರಡು ಅಲೆಯಾಕಾರಗಳು ಅದಲುಬದಲಾಗಿವೆ. ಇದರಿಂದ ಧ್ವನಿಯ ಬಣ್ಣವೇ ಬೇರೆಯಾಗುತ್ತದೆ.

ಮೂಲದ ದೃಷ್ಟಿಯಿಂದ ಇವು ಸ್ಖಾಲಿತ್ಯಗಳು. ಆದರೆ ಹಗರಿಬೊಮ್ಮನಹಳ್ಳಿಯಲ್ಲಿ ಬೇಸಗೆಯ ರಜೆಯನ್ನು ಅದರ ಮುಂದೆ ಕಳೆದ ಮಗುವಿಗೆ ಅದೇ ಮೂಲ. ಆದುದರಿಂದ ಜಪಾನಿನಲ್ಲಿಯೋ ಅಮೆರಿಕದಲ್ಲಿಯೋ ಮೂಲಯಂತ್ರವನ್ನು ಎಷ್ಟು ಜಾಗರೂಕತೆಯಿಂದ ಕಾಪಾಡಿದರೂ ನಮ್ಮ ಅನುಭವ ಅಲ್ಲಿ ಉಳಿದಿರುವುದಿಲ್ಲ. ನಮ್ಮ ಪಾಠವನ್ನು ನಾವೇ ಉಳಿಸಿಕೊಳ್ಳಬೇಕು. ಇದೊಂದು ಚಿಕ್ಕ ಮಾತಲ್ಲವೆಂದು ನಾವು ಭಾವಿಸುತ್ತೇವೆ.

ಇನ್ನು ಕ್ಯಾಸೆಟ್ಟಿನ ವಿಚಾರ. ‘9999 ಇನ್ 1’ ಎಂದು ಮುದ್ರಿಸಿದ ಕ್ಯಾಸೆಟ್ಟಿನಲ್ಲಿ ನಿಜವಾಗಿ ಇರುತ್ತಿದ್ದ ಆಟಗಳು ಬೆರಳೆಣಿಕೆಯಷ್ಟು. ಉಳಿದವು ಅವೇ ಆಟಗಳ ಬೇರೆ ಬೇರೆ ಹಂತಗಳು, ಬೇರೆ ಹೆಸರುಗಳು. ಅಷ್ಟೇ ಅಲ್ಲ, ಮೊದಲ ಪರದೆಯಲ್ಲಿದ್ದ ಕರ್ತೃಸಂಸ್ಥೆಯ ಹೆಸರನ್ನೂ ಪ್ರಕಟಣೆಯ ವರ್ಷವನ್ನೂ ಅನೇಕ ವೇಳೆ ಅಳಿಸಿಬಿಡುತ್ತಿದ್ದರು. ಪುಷ್ಪಿಕೆಯನ್ನು ಹರಿದುಹಾಕಿದ ಹಸ್ತಪ್ರತಿಯಂತೆ ಇದು. ಒಳಗಿನ ಚಿಪ್ಪನ್ನು ಕರಿಯ ಅಂಟಿನ ಬೊಟ್ಟಿನಿಂದ ಮುಚ್ಚಿರುವುದರಿಂದ ಒಮ್ಮೆ ಕೆಟ್ಟರೆ ರಿಪೇರಿ ಸಾಧ್ಯವಿಲ್ಲ. ಕಾಲ ಕಳೆದಂತೆ ಇವು ಒಂದೊಂದಾಗಿ ಮೌನವಾಗುವುದು ಖಂಡಿತ.

4

ಈ ನಾಶವನ್ನು ತಡೆಯುವ ಉಪಾಯಗಳು ಎರಡು. ಮೊದಲನೆಯದು ಅನುಕಾರಕ. ಇದೊಂದು ಕ್ರಮವಿಧಿ, ಇಂದಿನ ಗಣಕದಲ್ಲಿ ನಿಂತು ಅಂದಿನ ಯಂತ್ರದಂತೆ ನಟಿಸುತ್ತದೆ. ಹಳೆಯ ಸಂಸ್ಕಾರಕದ ಒಂದೊಂದು ಆಜ್ಞೆಯನ್ನೂ ಓದಿ, ಅದರ ಅರ್ಥವನ್ನು ತಿಳಿದು, ಅದೇ ಫಲವನ್ನು ಹೊಸ ಗಣಕದಿಂದ ಮಾಡಿಸುತ್ತದೆ. ಕಷ್ಟವಿರುವುದು ಕಾಲಮಾನದಲ್ಲಿ. ಮೂಲಯಂತ್ರದಲ್ಲಿ ಸಂಸ್ಕಾರಕವು ಒಂದು ಹೆಜ್ಜೆಯಿಡುವಷ್ಟರಲ್ಲಿ ಚಿತ್ರದ ಚಿಪ್ಪು ಮೂರು ಚುಕ್ಕಿಗಳನ್ನು ಬಿಡಿಸುತ್ತಿತ್ತು. ಈ ಲಯ ತಪ್ಪಿದರೆ ಕೆಲವು ಆಟಗಳು ನಡೆಯುವುದೇ ಇಲ್ಲ. ನಿಂಟೆಂಡೋ ಸಂಸ್ಥೆಯೇ 2016ರಲ್ಲಿ 30 ಹಳೆಯ ಆಟಗಳನ್ನೊಳಗೊಂಡ ಕಿರುಯಂತ್ರವನ್ನು ಮಾರಿದಾಗ ಅದರೊಳಗಿದ್ದುದು ಅನುಕಾರಕವೇ ಎಂಬುದು ಗಮನಾರ್ಹ. ಅನುಕಾರವೆಂಬುದು ತನ್ನಷ್ಟಕ್ಕೆ ಕಳ್ಳತನವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಎರಡನೆಯದು ಫ್ಲ್ಯಾಶ್ ಕಾರ್ಟ್ರಿಜ್. ಇಲ್ಲಿ ಯಂತ್ರ ಹಳೆಯದೇ, ಕ್ಯಾಸೆಟ್ಟು ಮಾತ್ರ ಹೊಸತು. ಸ್ಮೃತಿಪತ್ರಿಕೆಯೊಂದರಲ್ಲಿ ಶೇಖರಿಸಿದ ಆಟವನ್ನು ಆರಿಸಿಕೊಂಡರೆ ಅದು ಕ್ಯಾಸೆಟ್ಟಿನೊಳಗಿನ ಸ್ಮೃತಿಗೆ ಇಳಿಯುತ್ತದೆ. ಮೂಲ ಕ್ಯಾಸೆಟ್ಟುಗಳಲ್ಲಿ ಬಗೆಬಗೆಯಾಗಿದ್ದ ಸಹಾಯಕ ಚಿಪ್ಪುಗಳ ಕೆಲಸವನ್ನು ಬೇಕಾದಂತೆ ಹೆಣೆಯಬಲ್ಲ ಒಂದೇ ಚಿಪ್ಪು ವಹಿಸಿಕೊಳ್ಳುತ್ತದೆ. ಇದರಿಂದ ನಕಲುಮಾಡಿದ ಆಟವನ್ನೂ ಆಡಬಹುದು, ವಿದ್ಯಾರ್ಥಿಯು ತಾನೇ ಬರೆದ ಹೊಸ ಆಟವನ್ನೂ ನಿಜವಾದ ಯಂತ್ರದ ಮೇಲೆ ಪರೀಕ್ಷಿಸಬಹುದು. ಕತ್ತಿಯೊಂದೇ, ಅದನ್ನು ಹಿಡಿದ ಕೈ ಬೇರೆ.

5

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಯಂತ್ರದ ಸ್ವಾಮ್ಯಪತ್ರಗಳ ಅವಧಿ ಸಾಮಾನ್ಯವಾಗಿ 20 ವರ್ಷ. 1983ರ ಯಂತ್ರದ ಮಟ್ಟಿಗೆ ಅದು ಎಂದೋ ಮುಗಿದಿದೆ. ಉಳಿದಿರುವುದು ಆಟಗಳ ಮೇಲಣ ಕೃತಿಸ್ವಾಮ್ಯ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು, ಮುಂದಣ ತಿದ್ದುಪಡಿಗಳಿಂದ, ಗಣಕದ ಕ್ರಮವಿಧಿಯನ್ನು ಸಾಹಿತ್ಯಕೃತಿಯೆಂದೇ ಎಣಿಸುತ್ತದೆ. ಅದರ 52ನೆಯ ಪ್ರಕರಣದಂತೆ, ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದು ನಷ್ಟವಾಗದಂತೆ ರಕ್ಷಾಪ್ರತಿಯನ್ನು ಮಾಡಿಕೊಳ್ಳಬಹುದು. ಬೇರೆ ಕ್ರಮವಿಧಿಗಳು ಅದರೊಡನೆ ಹೊಂದಿ ನಡೆಯುವಂತೆ ಮಾಡಲು ಅವಶ್ಯವಾದ ವಿವರಗಳನ್ನು, ಅವು ಬೇರೆಡೆ ಸುಲಭವಾಗಿ ಸಿಗದಿದ್ದರೆ, ಶೋಧಿಸಿಕೊಳ್ಳುವುದಕ್ಕೂ ಎಡೆಯುಂಟು. ಅಮೆರಿಕದಲ್ಲಿ 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ ಮೇಲ್ಮನವಿ ನ್ಯಾಯಾಲಯವು ಅನುಕಾರಕದ ರಚನೆಗಾಗಿ ನಡೆಸಿದ ಇಂಥ ಶೋಧನೆಯನ್ನು ನ್ಯಾಯವಾದ ಬಳಕೆಯೆಂದು ತೀರ್ಮಾನಿಸಿತು. ಇನ್ನೊಂದು ಕಡೆ, ಬೀಗವನ್ನು ಮುರಿಯುವ ವಿಚಾರ ಬಂದಾಗ ಗಾಳಿ ಬೇರೆ ಬೀಸುತ್ತದೆ. 2012ರ ತಿದ್ದುಪಡಿಯು ನಮ್ಮಲ್ಲಿಯೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೋಪಾಯಗಳನ್ನು ಭೇದಿಸುವುದನ್ನು ಅಪರಾಧವಾಗಿಸಿದೆ. 2024ರಲ್ಲಿ ‘ಯೂಜು’ ಎಂಬ ಅನುಕಾರಕದ ಕರ್ತೃಗಳು ನಿಂಟೆಂಡೋ ಸಂಸ್ಥೆಗೆ 24 ಲಕ್ಷ ಡಾಲರುಗಳನ್ನು ಕೊಡಲೊಪ್ಪಿ ತಮ್ಮ ಕೆಲಸವನ್ನು ನಿಲ್ಲಿಸಿದರು. ಅದು ಆಗಲೂ ಮಾರಾಟದಲ್ಲಿದ್ದ ಯಂತ್ರದ ಅನುಕಾರವಾಗಿತ್ತೆಂಬುದನ್ನು ನೆನಪಿಡಬೇಕು.

ನಮ್ಮ ಅಟ್ಟದ ಕ್ಯಾಸೆಟ್ಟಿನ ತೊಡಕು ಇರುವುದು ‘ನ್ಯಾಯವಾಗಿ ಹೊಂದಿದವನು’ ಎಂಬ ಮಾತಿನಲ್ಲಿ. ಅಂಗಡಿಯಲ್ಲಿ ದುಡ್ಡು ಕೊಟ್ಟು, ರಸೀದಿಯೊಡನೆ, ಶುದ್ಧ ಮನಸ್ಸಿನಿಂದಲೇ ಕೊಂಡ ವಸ್ತುವದು. ಆದರೂ ಒಳಗಿನ ಪ್ರತಿ ಅನಧಿಕೃತ. ಕೊಂಡ ತಂದೆ ಅಪರಾಧಿಯಲ್ಲ, ಆಡಿದ ಮಗು ಅಪರಾಧಿಯಲ್ಲ. ಆದರೆ ಅದರಿಂದ ತೆಗೆದ ರಕ್ಷಾಪ್ರತಿಗೆ ಕಾನೂನಿನ ನೆರಳು ದೊರೆಯುವುದು ಸಂದೇಹ. ಕಾನೂನು ಇಲ್ಲಿ ಮೌನವಾಗುವುದರಿಂದ ನೀತಿಯನ್ನು ಕೇಳಬೇಕಾಗುತ್ತದೆ.

6

ನಕಲು ಎಂದೊಡನೆ ಕಳ್ಳತನವೆನ್ನುವವರು ಅತ್ತಿಮಬ್ಬೆಯನ್ನು ನೆನೆಯಬೇಕು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಮಾಡಿಸಿ ದಾನವಿತ್ತವಳು ಆಕೆ. ಆ ನಕಲು ಪುಣ್ಯಕಾರ್ಯವೆನಿಸಿತು. ಆದರೆ ನಕಲೆಲ್ಲವೂ ಪುಣ್ಯವೆನ್ನುವವರೂ ಅದೇ ಉದಾಹರಣೆಯನ್ನು ಸರಿಯಾಗಿ ನೋಡಬೇಕು. ಆಕೆ ಕವಿಯ ಹೆಸರನ್ನು ಅಳಿಸಲಿಲ್ಲ, ಗ್ರಂಥವನ್ನು ಕೆಡಿಸಲಿಲ್ಲ, ಅದರಿಂದ ಲಾಭ ಪಡೆಯಲಿಲ್ಲ. ‘9999 ಇನ್ 1’ ಮಾರಿದವನು ಈ ಮೂರನ್ನೂ ಮಾಡಿದನು. ಅತ್ತಿಮಬ್ಬೆಯ ಕಾಲದಲ್ಲಿ ಕೃತಿಸ್ವಾಮ್ಯವಿರಲಿಲ್ಲವೆಂಬ ಆಕ್ಷೇಪ ಯುಕ್ತವೇ. ಅದಕ್ಕಾಗಿ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸುತ್ತೇವೆ: ಆ ಕೃತಿಯನ್ನು ಹಕ್ಕುದಾರರಿಂದ ಇಂದು ಕೊಳ್ಳಲು ಸಾಧ್ಯವೇ? ಸಾಧ್ಯವಿದ್ದರೆ ಕೊಳ್ಳುವುದೇ ಧರ್ಮ. ಆದರೆ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಸಂಸ್ಥೆಯು 2023ರಲ್ಲಿ ನಡೆಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87 ಮಾರುಕಟ್ಟೆಯಲ್ಲಿ ಇಲ್ಲ. ಯಾರೂ ಮಾರದ, ಯಾರೂ ಕಾಪಾಡದ ಕೃತಿಯನ್ನು ಹೆಸರು ಸಹಿತ, ಮೂಲಶುದ್ಧವಾಗಿ, ಲಾಭವಿಲ್ಲದೆ ಅಧ್ಯಯನಕ್ಕಾಗಿ ಉಳಿಸುವವನನ್ನು ಕಳ್ಳನೆನ್ನಲು ನಮ್ಮ ಮನಸ್ಸು ಒಪ್ಪದು. ಆದರೂ ಅವನು ಕಾನೂನಿಗೆ ಹೊರತೆಂದು ವಿದ್ಯಾರ್ಥಿಗಳಿಗೆ ನಾವು ಹೇಳಲಾರೆವು. ಗ್ರಂಥಾಲಯಗಳಿಗೆ ಈ ವಿಷಯದಲ್ಲಿ ಸ್ಪಷ್ಟವಾದ ವಿನಾಯಿತಿ ಬೇಕೆಂದು ಮಾತ್ರ ಹೇಳಬಲ್ಲೆವು.

7

ಕಾನೂನಿನ ತಿದ್ದುಪಡಿಗೆ ಕಾಯದೆ ಕಾಲೇಜುಗಳು ಇಂದೇ ಮಾಡಬಹುದಾದ ಕೆಲಸಗಳುಂಟು. ಯಂತ್ರವನ್ನೂ ಕ್ಯಾಸೆಟ್ಟನ್ನೂ ವಸ್ತುವಾಗಿ ಸಂಗ್ರಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಯಾವಾಗ, ಎಲ್ಲಿ, ಎಷ್ಟಕ್ಕೆ ಕೊಂಡದ್ದು, ಯಾರು ಯಾರು ಕೂಡಿ ಆಡಿದರು ಎಂಬುದನ್ನು ಮನೆಯವರಿಂದ ಕೇಳಿ ಬರೆದಿಡಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಸ್ತಪ್ರತಿಗಳ ವಿಷಯದಲ್ಲಿ ಮಾಡಿರುವ ಕೆಲಸ ಇದಕ್ಕೆ ಮೇಲ್ಪಂಕ್ತಿ.

ಇದಕ್ಕೂ ಮಿಗಿಲಾದುದು ಹೊಸ ರಚನೆ. ಈ ಯಂತ್ರದ ಪರದೆಯು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಿಂದಾದುದು. ಒಂದು ಕೋಷ್ಟಕದಲ್ಲಿ 256 ಬಿಲ್ಲೆಗಳಿಗೆ ಸ್ಥಳವುಂಟು. ಕನ್ನಡದ ಒಂದು ಅಕ್ಷರಕ್ಕೆ ನಾಲ್ಕು ಬಿಲ್ಲೆ ಬೇಕೆಂದಿಟ್ಟುಕೊಂಡರೆ ವರ್ಣಮಾಲೆಯ 49 ಅಕ್ಷರಗಳಿಗೆ 196 ಬಿಲ್ಲೆಗಳು ಸಾಕು. ಆದರೆ ಕಾಗುಣಿತ, ಒತ್ತಕ್ಷರಗಳು ಸೇರಿದೊಡನೆ ಕೋಷ್ಟಕ ತುಂಬಿ ಚೆಲ್ಲುತ್ತದೆ. ಬಿಲ್ಲೆಗಳನ್ನು ಬೇಕಾದಾಗ ಬದಲಿಸುವ ಜಾಣ್ಮೆ ಅವಶ್ಯವಾಗುತ್ತದೆ. ಇದನ್ನು ಬಿಡಿಸಲು ಹೊರಟ ವಿದ್ಯಾರ್ಥಿಯು ಗಣಕದ ಅಂತರಂಗವನ್ನೂ ಕನ್ನಡ ಲಿಪಿಯ ಸ್ವರೂಪವನ್ನೂ ಒಟ್ಟಿಗೆ ಅರಿಯುವನು. ಹಾಗೆ ಬರೆದ ಆಟದ ಕೃತಿಸ್ವಾಮ್ಯ ಅವನದೇ. ಅದನ್ನು ಹಂಚಲು ಯಾರ ಅಪ್ಪಣೆಯೂ ಬೇಡ. ಅನ್ಯರ ನಕಲಾಗಿ ನಮ್ಮ ಊರಿಗೆ ಬಂದ ಪೆಟ್ಟಿಗೆಯು ಒಮ್ಮೆಯಾದರೂ ಕನ್ನಡವನ್ನು ನುಡಿಯಲಿ. ಅಟ್ಟದ ಮೇಲಿನ ಆ ವಸ್ತುವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.